ಸಿಂಟಿಲೇಟರ್ ಪ್ಯಾಡಲ್ ಮ್ಯೂಆನ್ ಎಣಿಸುತ್ತಿಲ್ಲವೇ? ಹುಡುಕಾಟ ಎಲ್ಲಿಂದ ಶುರು ಮಾಡಬೇಕು

ಆಕಾಶದಿಂದ ಸದಾ ಬೀಳುವ ಮ್ಯೂಆನ್ ಅನ್ನುವ ಕಣಗಳನ್ನು ಎಣಿಸಲು ಪ್ಯಾಡಲ್ ಕಟ್ಟಿ ಆಯಿತು, ಕಪ್ಪು ಟೇಪ್ ಸುತ್ತಿ ಆಯಿತು, ಹೈ ವೋಲ್ಟೇಜ್ ಕೊಟ್ಟೂ ಆಯಿತು. ಆದರೂ ಕೌಂಟರ್ ಮೇಲೆ ಸೊನ್ನೆ. ಇಲ್ಲವೇ ಸಂಖ್ಯೆ ಹುಚ್ಚು ಹಿಡಿದಂತೆ ಓಡುತ್ತಿದೆ. ಡಿಟೆಕ್ಟರ್ ಕಟ್ಟುವ ಯಾವ ಯೂನಿವರ್ಸಿಟಿ ಲ್ಯಾಬ್‌ಗೆ ಹೋದರೂ ಈ ಎರಡು ದೂರು ಇದ್ದೇ ಇರುತ್ತವೆ. ಆಗ ಎಲ್ಲರ ಕೈಯೂ ಮೊದಲು ಹೋಗುವುದು ಹೈ ವೋಲ್ಟೇಜ್ ನಾಬ್‌ಗೆ. "ಇನ್ನೊಂದು ನೂರು ವೋಲ್ಟ್ ಏರಿಸಿ ನೋಡೋಣ" ಅಂತ. ದಯವಿಟ್ಟು ಬೇಡ. ದೋಷ ಹತ್ತು ರೂಪಾಯಿ ಟೇಪ್‌ನಲ್ಲೋ ಕೇಬಲ್‌ನಲ್ಲೋ ಇರುವಾಗ ಲ್ಯಾಬ್‌ನ ಅತಿ ದುಬಾರಿ ವಸ್ತುವಿಗೆ ಏಟು ಕೊಟ್ಟಂತಾಗುತ್ತದೆ.

ಇಲ್ಲಿ ಹೇಳುವುದು ಒಂದೇ ಬಗೆಯ ಡಿಟೆಕ್ಟರ್ ಬಗ್ಗೆ: ಕಣ ದಾಟಿದಾಗ ಮಿಣುಕುವ ಒಂದು ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆ (ಪ್ಯಾಡಲ್ ಅನ್ನುವುದು ಇದನ್ನೇ), ಅದರ ತುದಿಗೆ ಆ ಬೆಳಕನ್ನು ವಿದ್ಯುತ್ ಪಲ್ಸ್ ಮಾಡುವ ಫೋಟೋಮಲ್ಟಿಪ್ಲೈಯರ್ ಟ್ಯೂಬ್, ಅಂದರೆ ಪಿಎಂಟಿ. ಮುಂದೆ ಸಣ್ಣ ಪಲ್ಸ್‌ಗಳನ್ನು ಸೋಸುವ ಡಿಸ್ಕ್ರಿಮಿನೇಟರ್, ಎರಡು ಪ್ಯಾಡಲ್ ಒಟ್ಟಿಗೆ ಹೊಡೆದದ್ದನ್ನು ಮಾತ್ರ ಆರಿಸುವ ಕೋಇನ್ಸಿಡೆನ್ಸ್ ಯೂನಿಟ್, ಕೌಂಟರ್. ಊಟಿಯ ಗ್ರೇಪ್ಸ್-3 ಅನ್ನುವ ಕಾಸ್ಮಿಕ್ ಕಿರಣ ಪ್ರಯೋಗದಲ್ಲಿ ಇಂಥ ಒಂದು ಚದರ ಮೀಟರಿನ ಸಿಂಟಿಲೇಟರ್‌ಗಳು ನಾಲ್ಕುನೂರರಷ್ಟಿವೆ. ನಿಮ್ಮ ಮೇಜಿನ ಮೇಲೆ ಎರಡೋ ಮೂರೋ ಇರಬಹುದು. ಕೆಡುವ ರೀತಿ ಮಾತ್ರ ಒಂದೇ.

ಏನೂ ಮುಟ್ಟುವ ಮೊದಲು: ಎಷ್ಟು ಬರಬೇಕು?

ಸರಿಯಾದ ಸಂಖ್ಯೆ ಯಾವುದು ಅಂತ ಗೊತ್ತಿಲ್ಲದೆ ತಪ್ಪು ಹುಡುಕುವುದು ಆಗದ ಮಾತು. ಅದೃಷ್ಟಕ್ಕೆ ಇಲ್ಲಿ ಲೆಕ್ಕ ತುಂಬ ಸುಲಭ. ನೆಲಮಟ್ಟದಲ್ಲಿ ಅಡ್ಡಲಾಗಿ ಇಟ್ಟ ಹಲಗೆಯ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. 20 × 40 ಸೆಂ.ಮೀ. ಪ್ಯಾಡಲ್ ಅಂದರೆ 800 ಚದರ ಸೆಂ.ಮೀ. ಹಾಗಾಗಿ ನಿಮಿಷಕ್ಕೆ 800ರ ಆಸುಪಾಸು, ಸೆಕೆಂಡಿಗೆ 13.

ಒಂದೇ ಪ್ಯಾಡಲ್‌ನ ಕೌಂಟ್ ಇದಕ್ಕಿಂತ ಸಾಕಷ್ಟು ಜಾಸ್ತಿ ಇರುತ್ತದೆ. ಗೋಡೆ, ಕಲ್ಲು, ಕಾಂಕ್ರೀಟಿನಲ್ಲಿರುವ ಪೊಟ್ಯಾಸಿಯಂ-40, ಯುರೇನಿಯಂ, ಥೋರಿಯಂಗಳ ಗಾಮಾ ಕಿರಣ ಸೇರುತ್ತದೆ. ಪಿಎಂಟಿಯ ಸ್ವಂತ ಗದ್ದಲವೂ ಸೇರುತ್ತದೆ. ಸೆಕೆಂಡಿಗೆ ನೂರಾರು ಬಂದರೆ ಗಾಬರಿ ಬೇಡ. ಒಂದರ ಮೇಲೊಂದು ಇಟ್ಟ ಎರಡು ಪ್ಯಾಡಲ್‌ಗಳ ಕೋಇನ್ಸಿಡೆನ್ಸ್ ಮಾತ್ರ ಆ 13ರ ಹತ್ತಿರ, ಸ್ವಲ್ಪ ಕೆಳಗೆ ಇರಬೇಕು. ಪ್ಯಾಡಲ್‌ಗಳನ್ನು ದೂರ ಸರಿಸಿದಷ್ಟೂ ಅದು ಇಳಿಯುತ್ತದೆ, ಓರೆಯಾಗಿ ಬರುವ ಮ್ಯೂಆನ್‌ಗಳು ಎರಡನ್ನೂ ದಾಟುವುದಿಲ್ಲ.

ಕೋಲಾರದ ಚಿನ್ನದ ಗಣಿಯಲ್ಲಿ ಕಥೆ ಬೇರೆ ಇತ್ತು. 1960ರ ದಶಕದ ಆರಂಭದಲ್ಲಿ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ತಂಡ ಎರಡೂವರೆ ಕಿಲೋಮೀಟರಿಗಿಂತ ಆಳದಲ್ಲಿ ಡಿಟೆಕ್ಟರ್ ಇಟ್ಟು ಎರಡು ತಿಂಗಳು ಕಾದರೂ ಒಂದೂ ಮ್ಯೂಆನ್ ಬರಲಿಲ್ಲ. ಆ ಸೊನ್ನೆಯೇ ದೊಡ್ಡ ಫಲಿತಾಂಶ. ಅಷ್ಟು ಶಾಂತ ಜಾಗದಲ್ಲಿ ನ್ಯೂಟ್ರಿನೋ, ಅಂದರೆ ಬಂಡೆಯನ್ನೂ ದಾಟಿ ಹೋಗುವ ಅಪರೂಪಕ್ಕೆ ಸಿಗುವ ಕಣ, ಹುಡುಕಬಹುದು ಅನ್ನುವ ಧೈರ್ಯ ಬಂತು. 1965ರಲ್ಲಿ ಅಲ್ಲೇ ವಾತಾವರಣದ ನ್ಯೂಟ್ರಿನೋಗಳು ಸಿಕ್ಕಿದವು. ನಿಮ್ಮ ಲ್ಯಾಬ್ ಮೊದಲ ಮಹಡಿಯಲ್ಲಿದೆ. ಅಲ್ಲಿ ಸೊನ್ನೆ ಅಂದರೆ ದೋಷವೇ.

ಹೈ ವೋಲ್ಟೇಜ್ ಬಗ್ಗೆ ನಾಲ್ಕು ಮಾತು

ಪಿಎಂಟಿಗೆ ಕೊಡುವುದು 800ರಿಂದ 2000 ವೋಲ್ಟ್. ಕೇಬಲ್ ಕೀಳುವ, ಟೇಪ್ ಬಿಚ್ಚುವ ಮೊದಲು ವೋಲ್ಟೇಜನ್ನು ನಿಧಾನಕ್ಕೆ ಸೊನ್ನೆಗೆ ಇಳಿಸಿ, ಸ್ವಿಚ್ ಆಫ್ ಮಾಡಿ, ಒಂದೆರಡು ನಿಮಿಷ ಕಾಯಿರಿ. ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಹೈ ವೋಲ್ಟೇಜ್‌ಗೆ ಎಸ್‌ಎಚ್‌ವಿ ಕನೆಕ್ಟರ್ ಬಿಟ್ಟು ಬೇರೆ ಹಾಕಬೇಡಿ. ಮಾಮೂಲಿ ಬಿಎನ್‌ಸಿ ನೋಡಲು ಅದೇ ತರ ಇರುತ್ತದೆ, ಆದರೆ ಅದು ಈ ವೋಲ್ಟೇಜಿಗೆ ಮಾಡಿದ್ದಲ್ಲ. ಸಾಧಾರಣ ಮಲ್ಟಿಮೀಟರ್ ತಂದು ಬೇಸ್‌ನ (ಟ್ಯೂಬ್ ಸಿಕ್ಕಿಸುವ ಬುಡದ) ಪಿನ್‌ಗೆ ಹಿಡಿಯುವ ಸಾಹಸವೂ ಬೇಡ. ಒಬ್ಬರೇ ಇದ್ದಾಗ ಹೈ ವೋಲ್ಟೇಜ್ ಆನ್ ಇಟ್ಟು ರಿಪೇರಿಗೆ ಕೂರಬೇಡಿ.

ಇನ್ನೊಂದು ಮಾತು, ಟ್ಯೂಬ್‌ನ ಒಳಿತಿಗೆ: ವೋಲ್ಟೇಜ್ ಇರುವಾಗ ಪಿಎಂಟಿಗೆ ರೂಮಿನ ಬೆಳಕು ಬಿದ್ದರೆ ಅದು ಹಾಳಾಗಬಹುದು. "ಸ್ವಲ್ಪ ತೆಗೆದು ಇಣುಕಿ ನೋಡ್ತೀನಿ" ಅನ್ನುವುದಕ್ಕೆ ಇಲ್ಲಿ ಜಾಗವಿಲ್ಲ.

ಲಕ್ಷಣ: ಎಲ್ಲ ಆನ್ ಇದೆ, ಕೌಂಟರ್‌ನಲ್ಲಿ ಸೊನ್ನೆ

ಮೊದಲು ಹೈ ವೋಲ್ಟೇಜ್ ಸಪ್ಲೈನ ಕರೆಂಟ್ ಓದಿ. ವೋಲ್ಟೇಜ್ ನೋಡುತ್ತಾರೆ, ಕರೆಂಟ್ ನೋಡುವವರು ಕಡಿಮೆ. ಬೇಸ್‌ನೊಳಗೆ ಸಾಲಾಗಿ ರೆಸಿಸ್ಟರ್‌ಗಳಿವೆ, ಡೈನೋಡ್‌ಗಳಿಗೆ (ಟ್ಯೂಬ್‌ನೊಳಗೆ ಎಲೆಕ್ಟ್ರಾನ್‌ಗಳನ್ನು ಹಂತ ಹಂತವಾಗಿ ಹೆಚ್ಚಿಸುವ ತಗಡುಗಳಿಗೆ) ವೋಲ್ಟೇಜ್ ಹಂಚುವುದು ಅವೇ. ಒಟ್ಟು 4 ಮೆಗಾಓಮ್ ಇದ್ದು 1600 ವೋಲ್ಟ್ ಕೊಟ್ಟರೆ 400 ಮೈಕ್ರೋಆಂಪಿಯರ್ ಹರಿಯಬೇಕು. ಹೈಸ್ಕೂಲಿನ ಓಮ್ ನಿಯಮ, ಅಷ್ಟೇ. ಕರೆಂಟ್ ಸೊನ್ನೆ ಇದ್ದರೆ ವೋಲ್ಟೇಜ್ ಟ್ಯೂಬ್ ತನಕ ತಲುಪೇ ಇಲ್ಲ: ಕೇಬಲ್ ಬಿಟ್ಟಿದೆ, ಅಥವಾ ಒಂದು ರೆಸಿಸ್ಟರ್ ಕಡಿದಿದೆ. ಲೆಕ್ಕಕ್ಕಿಂತ ತುಂಬ ಜಾಸ್ತಿ ಇದ್ದರೆ ಎಲ್ಲೋ ಸೋರಿಕೆ. ಲೆಕ್ಕಕ್ಕೆ ಸರಿಹೊಂದಿದರೆ ಹೈ ವೋಲ್ಟೇಜ್ ಕಡೆ ಬಿಟ್ಟು ಮುಂದೆ ಹೋಗಿ.

ಎರಡನೆಯದು ಧ್ರುವ. ಕೆಲವು ಬೇಸ್‌ಗಳಿಗೆ ನೆಗೆಟಿವ್ ಬೇಕು, ಕೆಲವಕ್ಕೆ ಪಾಸಿಟಿವ್. ಬೇಸ್ ಮೇಲೆ ಬರೆದಿರುತ್ತದೆ, ಸಪ್ಲೈ ಹಿಂದೆ ಅಥವಾ ಒಳಗೆ ಬದಲಿಸುವ ವ್ಯವಸ್ಥೆ ಇರುತ್ತದೆ. ಉಲ್ಟಾ ಕೊಟ್ಟರೂ ಕರೆಂಟ್ ಸರಿಯಾಗಿಯೇ ತೋರಿಸುತ್ತದೆ, ಪಲ್ಸ್ ಮಾತ್ರ ಬರುವುದಿಲ್ಲ. ಬದಲಿಸುವುದು ಸಪ್ಲೈ ಪೂರ್ತಿ ಆಫ್ ಆದ ಮೇಲೆಯೇ.

ಮೂರನೆಯದಾಗಿ ಪಿಎಂಟಿಯ ಸಿಗ್ನಲ್ ಕೇಬಲನ್ನು ನೇರ ಸ್ಕೋಪ್‌ಗೆ (ಆಸಿಲೋಸ್ಕೋಪ್) ಹಾಕಿ. ಇನ್‌ಪುಟ್ 50 ಓಮ್‌ಗೆ ಇಡಿ. ನಿಮ್ಮ ಸ್ಕೋಪ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಒಂದು ಟಿ-ಕನೆಕ್ಟರ್ ಹಾಕಿ 50 ಓಮ್ ಟರ್ಮಿನೇಟರ್ ಸಿಕ್ಕಿಸಿ. ಟೈಮ್ 20 ನ್ಯಾನೋಸೆಕೆಂಡ್, ಟ್ರಿಗರ್ ಇಳಿಯುವ ಅಂಚಿಗೆ, ಮಟ್ಟ −20 ಮಿಲಿವೋಲ್ಟ್ ಸುಮಾರಿಗೆ, ಮೋಡ್ ನಾರ್ಮಲ್. ಪಿಎಂಟಿ ಪಲ್ಸ್ ನೆಗೆಟಿವ್. ಸ್ಕೋಪ್ ಏರುವ ಅಂಚಿಗೆ, ಪಾಸಿಟಿವ್ ಮಟ್ಟಕ್ಕೆ, ಆಟೋ ಮೋಡ್‌ನಲ್ಲಿ ಇದ್ದರೆ ಬರೀ ನೆಟ್ಟಗಿನ ಗೆರೆ ಕಾಣುತ್ತದೆ. "ಪಿಎಂಟಿ ಸತ್ತಿದೆ" ಅನ್ನುವ ತೀರ್ಪು ಬಹಳ ಸಲ ಹೊರಡುವುದು ಇಲ್ಲಿಂದಲೇ.

ಸರಿಯಾದ ಪಲ್ಸ್ ಹೇಗಿರುತ್ತದೆ? ಒಮ್ಮೆಲೇ ಕೆಳಗೆ ಬೀಳುತ್ತದೆ, ಕೆಲವೇ ನ್ಯಾನೋಸೆಕೆಂಡ್. ಆಮೇಲೆ ಸ್ವಲ್ಪ ನಿಧಾನವಾಗಿ ಮೇಲೇರಿ ಗೆರೆ ಸೇರುತ್ತದೆ. ಎತ್ತರ ಒಂದೊಂದಕ್ಕೆ ಒಂದೊಂದು, ಹತ್ತಾರು ಮಿಲಿವೋಲ್ಟ್‌ನಿಂದ ನೂರಾರರ ತನಕ. ಎಲ್ಲ ಪಲ್ಸ್‌ಗಳೂ ಒಂದೇ ಎತ್ತರ, ಒಂದೇ ಅಂತರದಲ್ಲಿ ಬರುತ್ತಿದ್ದರೆ ಅದು ಮ್ಯೂಆನ್ ಅಲ್ಲ, ಕರೆಂಟಿನ ಗದ್ದಲ.

ಇಷ್ಟಾದರೂ ಸ್ಕೋಪ್‌ನಲ್ಲಿ ಏನೂ ಇಲ್ಲದಿದ್ದರೆ ಚೆನ್ನಾಗಿರುವ ಪ್ಯಾಡಲ್‌ನ ಕೇಬಲ್, ಆಮೇಲೆ ಬೇಸ್, ಹೀಗೆ ಒಂದೊಂದನ್ನೇ ತಂದು ಹಾಕಿ ನೋಡಿ. ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಲಕ್ಷಣ: ಸ್ಕೋಪ್‌ನಲ್ಲಿ ಪಲ್ಸ್ ಚೆನ್ನಾಗಿದೆ, ಕೌಂಟರ್ ಎಣಿಸುವುದಿಲ್ಲ

ಡಿಸ್ಕ್ರಿಮಿನೇಟರ್‌ನ ಥ್ರೆಶೋಲ್ಡ್, ಅಂದರೆ ಎಷ್ಟು ದೊಡ್ಡ ಪಲ್ಸನ್ನು ಒಳಗೆ ಬಿಡಬೇಕು ಅನ್ನುವ ಮಿತಿ, ಅಳೆಯಿರಿ. ಮುಂಭಾಗದಲ್ಲಿ ಸಣ್ಣ ತೂತು ಇರುತ್ತದೆ, ಅಲ್ಲಿ ಮಲ್ಟಿಮೀಟರ್ ಹಿಡಿಯಬಹುದು. ಹಲವು ಮಾಡ್ಯೂಲ್‌ಗಳಲ್ಲಿ ಅಲ್ಲಿ ಕಾಣುವುದು ನಿಜವಾದ ಬೆಲೆಯ ಹತ್ತು ಪಟ್ಟು. −300 ಮಿಲಿವೋಲ್ಟ್ ತೋರಿಸಿದರೆ ಥ್ರೆಶೋಲ್ಡ್ −30. ಇದು ಗೊತ್ತಿಲ್ಲದೆ "−30 ಬರಲಿ" ಅಂತ ಸ್ಕ್ರೂ ತಿರುಗಿಸುತ್ತಾ ಹೋದರೆ ಅದರ ಕೊನೆ ಮುಟ್ಟಿ ನಿಲ್ಲುತ್ತದೆ.

ಥ್ರೆಶೋಲ್ಡ್ ಸರಿ ಇದ್ದರೆ ನಿಮ್ (NIM) ಕ್ರೇಟಿನ, ಅಂದರೆ ಈ ಮಾಡ್ಯೂಲ್‌ಗಳನ್ನು ಕೂರಿಸಿ ಕರೆಂಟ್ ಕೊಡುವ ಪೆಟ್ಟಿಗೆಯ, ವೋಲ್ಟೇಜ್‌ಗಳನ್ನು ನೋಡಿ. ±6, ±12, ±24ರಲ್ಲಿ ಒಂದು ಹೋಗಿದ್ದರೂ ದೀಪ ಉರಿಯುತ್ತಲೇ ಇರಬಹುದು, ಮಾಡ್ಯೂಲ್ ಮಾತ್ರ ಸುಮ್ನೆ ಕೂತಿರುತ್ತದೆ.

ಕೊನೆಯದು ಭಾಷೆಯ ತಕರಾರು. ಡಿಸ್ಕ್ರಿಮಿನೇಟರ್ ಕೊಡುವ NIM ಸಿಗ್ನಲ್ ಸುಮಾರು −0.8 ವೋಲ್ಟ್. ನಿಮ್ಮ ಕೌಂಟರ್ ಟಿಟಿಎಲ್ ಅನ್ನುವ ಇನ್ನೊಂದು ಪದ್ಧತಿಯದಾಗಿದ್ದರೆ ಅದು ಕಾಯುವುದು ಪಾಸಿಟಿವ್ ಸಿಗ್ನಲ್‌ಗೆ. ಎರಡೂ ಸರಿಯಾಗಿವೆ, ಕೌಂಟ್ ಮಾತ್ರ ಸೊನ್ನೆ. ನಡುವೆ ನಿಮ್-ಟಿಟಿಎಲ್ ಕನ್ವರ್ಟರ್ ಬೇಕು.

ಲಕ್ಷಣ: ಕೌಂಟ್ ವಿಪರೀತ, ಸೆಕೆಂಡಿಗೆ ಸಾವಿರಾರು

ಇದಕ್ಕೆ ಕಾರಣ ಬೆಳಕು ಸೋರುವುದು, ಹತ್ತರಲ್ಲಿ ಎಂಟು ಸಲ. ಒಂದು ಮ್ಯೂಆನ್ 1 ಸೆಂ.ಮೀ. ದಪ್ಪದ ಹಲಗೆ ದಾಟುವಾಗ ಸುಮಾರು 2 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಬಿಟ್ಟು ಹೋಗುತ್ತದೆ. ಅದರಿಂದ ಹುಟ್ಟುವುದು ಇಪ್ಪತ್ತು ಸಾವಿರದಷ್ಟು ಫೋಟಾನ್, ಅದರಲ್ಲಿ ಪಿಎಂಟಿ ತಲುಪುವುದು ಸಣ್ಣ ಪಾಲು. ಅಷ್ಟನ್ನು ಹಿಡಿಯುವ ಕಣ್ಣಿಗೆ ಸೂಜಿಮೊನೆಯ ತೂತೂ ದೊಡ್ಡ ಕಿಟಕಿಯೇ.

ಖರ್ಚಿಲ್ಲದ ಪರೀಕ್ಷೆ: ಇಡೀ ಪ್ಯಾಡಲ್ ಮೇಲೆ ದಪ್ಪ ಕಪ್ಪು ಬಟ್ಟೆಯನ್ನು ಎರಡು ಮಡಿಕೆ ಹೊದಿಸಿ. ಕೌಂಟ್ ದಿಢೀರ್ ಇಳಿದರೆ ಬೆಳಕೇ. ಇಳಿಯದಿದ್ದರೆ ಬಟ್ಟೆ ಹಾಗೇ ಇರಲಿ, ಈಗ ಲ್ಯಾಬ್‌ನ ಟ್ಯೂಬ್‌ಲೈಟ್ ಆಫ್ ಮಾಡಿ. ಬಟ್ಟೆಗೆ ಬಗ್ಗದ ಕೌಂಟ್ ಲೈಟ್ ಆರಿಸಿದಾಗ ಇಳಿದರೆ, ಬೆಳಕಲ್ಲ, ಆ ಲೈಟಿನ ಚೋಕ್ ಅಥವಾ ಡ್ರೈವರ್‌ನ ವಿದ್ಯುತ್ ಗದ್ದಲ ನಿಮ್ಮ ಕೇಬಲ್ ಸೇರುತ್ತಿದೆ. ಈ ಎರಡನ್ನು ಬೇರ್ಪಡಿಸದೆ ಟೇಪ್ ಮೇಲೆ ಟೇಪ್ ಸುತ್ತುತ್ತಾ ಸಂಜೆ ಕಳೆಯುವವರು ಬಹಳ.

ಬೆಳಕು ಅಂತ ಖಾತ್ರಿಯಾದರೆ ಜಾಗ ಹುಡುಕಬೇಕು. ವೋಲ್ಟೇಜನ್ನು ಮಾಮೂಲಿಗಿಂತ ನೂರಿನ್ನೂರು ಕಡಿಮೆ ಮಾಡಿ, ರೂಮ್ ಕತ್ತಲೆ ಮಾಡಿ. ಸಣ್ಣ ಟಾರ್ಚ್ ಒಂದನ್ನು ಸ್ವಲ್ಪ ದೂರದಿಂದ ಹಿಡಿದು ಟೇಪಿನ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿ. ಇನ್ನೊಬ್ಬರು ಸ್ಕೋಪ್ ನೋಡುತ್ತಿರಲಿ. ಸೋರುವ ಜಾಗಕ್ಕೆ ಬಂದ ಕೂಡಲೇ ತೆಳ್ಳಗಿದ್ದ ಗೆರೆ ದಪ್ಪಗಾಗಿ ಹುಲ್ಲಿನಂತೆ ಏಳುತ್ತದೆ. ತಕ್ಷಣ ಟಾರ್ಚ್ ತೆಗೆಯಿರಿ, ಅಲ್ಲೊಂದು ಚಾಕ್ ಗುರುತು ಹಾಕಿ. ಮೊದಲು ನೋಡಬೇಕಾದ್ದು ಪಿಎಂಟಿ ಹಲಗೆಗೆ ಸೇರುವ ಕೊರಳು. ಆಮೇಲೆ ಕಪ್ಪು ಹಾಳೆ ಮಡಿಸಿದ ನಾಲ್ಕು ಮೂಲೆ. ಆಮೇಲೆ ಬೇಸ್‌ನಿಂದ ಕೇಬಲ್ ಹೊರಬರುವ ತೂತು. ಇದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಎಲೆಕ್ಟ್ರಿಶಿಯನ್ ಬಳಸುವ ಅಗ್ಗದ ಕಪ್ಪು ಟೇಪ್ ಒಂದು ಪದರ ಸಾಲದು. ಕಿಟಕಿಗೆ ಹಿಡಿದು ನೋಡಿ, ಕೆಲವು ಬ್ರ್ಯಾಂಡ್‌ಗಳಲ್ಲಿ ಬೆಳಕು ಕಂದಾಗಿ ಕಾಣುತ್ತದೆ. ಎರಡು ಪದರ, ಒಂದಕ್ಕೊಂದು ಅಡ್ಡ. ಟೇಪಿನ ಅಂಟು ನೇರವಾಗಿ ಸಿಂಟಿಲೇಟರ್‌ಗೆ ತಾಗದಿರಲಿ. ಒಳಗೆ ಅಲ್ಯೂಮಿನಿಯಂ ಫಾಯಿಲ್ ಅಥವಾ ಟೈವೆಕ್ (ಕಾಗದದಂಥ ಬಿಳಿ ಪ್ಲಾಸ್ಟಿಕ್ ಹಾಳೆ), ಅದರ ಮೇಲೆ ಕಪ್ಪು ಹಾಳೆ, ಅದರ ಮೇಲೆ ಟೇಪ್.

ಇನ್ನೊಂದು ಸಂಗತಿ. ನಿನ್ನೆ ತಾನೇ ಪ್ಯಾಡಲ್ ಬಿಚ್ಚಿ ಕಟ್ಟಿದ್ದರೆ ಇವತ್ತು ಕೌಂಟ್ ಜಾಸ್ತಿ ಇರುವುದು ಸಹಜ. ರೂಮಿನ ಬೆಳಕು ಕಂಡ ಪಿಎಂಟಿ, ವೋಲ್ಟೇಜ್ ಇಲ್ಲದಿದ್ದಾಗ ಕಂಡಿದ್ದರೂ, ಕೆಲವು ಗಂಟೆ ಗದ್ದಲ ಮಾಡುತ್ತದೆ. ಒಂದು ರಾತ್ರಿ ಕತ್ತಲಲ್ಲಿ ಬಿಟ್ಟು ಬೆಳಿಗ್ಗೆ ನೋಡಿ.

ಬೆಳಕೂ ಅಲ್ಲ, ಲೈಟಿನ ಗದ್ದಲವೂ ಅಲ್ಲ ಅಂದರೆ ನೆಗೆಟಿವ್ ವೋಲ್ಟೇಜ್ ಕೊಟ್ಟ ಟ್ಯೂಬ್‌ಗಳಲ್ಲಿ ಒಂದು ಗುಟ್ಟಿನ ದೋಷವಿದೆ. ಅಲ್ಲಿ ಗಾಜಿನ ಹಿಂದಿನ ಫೋಟೋಕ್ಯಾಥೋಡೇ (ಬೆಳಕನ್ನು ಎಲೆಕ್ಟ್ರಾನ್ ಮಾಡುವ ಪದರ) ಪೂರ್ತಿ ಹೈ ವೋಲ್ಟೇಜ್‌ನಲ್ಲಿರುತ್ತದೆ. ಗ್ರೌಂಡ್ ಆದ ಲೋಹದ ಕೊಳವೆಯೋ ಫಾಯಿಲ್ಲೋ ಗಾಜಿಗೆ ತಾಗಿದ್ದರೆ ಗಾಜಿನಲ್ಲೇ ಸಣ್ಣ ಸಣ್ಣ ಮಿಣುಕು ಹುಟ್ಟುತ್ತದೆ. ಗಾಜಿನ ಸುತ್ತ ಫಾಯಿಲ್ ಹಿಂದಕ್ಕೆ ಕತ್ತರಿಸಿ, ನಡುವೆ ಒಳ್ಳೆಯ ಇನ್ಸುಲೇಷನ್ ಹಾಕಿ.

ಲಕ್ಷಣ: ಪ್ರತಿ ಪಲ್ಸ್ ಹಿಂದೆ ಇನ್ನೊಂದು ಸಣ್ಣ ಪಲ್ಸ್

ಅಂತರ ಅಳೆಯಿರಿ. ಕೇಬಲ್‌ನಲ್ಲಿ ಸಿಗ್ನಲ್ ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೋಸೆಕೆಂಡ್ ಬೇಕು. ನಿಮ್ಮ ಕೇಬಲ್ 4 ಮೀಟರ್ ಇದ್ದು ಎರಡನೆಯ ಪಲ್ಸ್ 40 ನ್ಯಾನೋಸೆಕೆಂಡ್ ತಡವಾಗಿ ಬಂದರೆ, ಸಿಗ್ನಲ್ ತುದಿಗೆ ಹೋಗಿ ತಿರುಗಿ ಬರುತ್ತಿದೆ. 50 ಓಮ್ ಟರ್ಮಿನೇಷನ್ ಇಲ್ಲ, ಅಥವಾ ನಡುವೆ ಯಾವುದೋ ಕನೆಕ್ಟರ್ ಸಡಿಲ. ಅಂತರ ಕೇಬಲ್ ಉದ್ದಕ್ಕೆ ಹೊಂದದಿದ್ದು, ನೂರಾರು ನ್ಯಾನೋಸೆಕೆಂಡ್ ಅಥವಾ ಇನ್ನೂ ತಡವಾಗಿ ಚದುರಿ ಬರುತ್ತಿದ್ದರೆ ಟ್ಯೂಬ್‌ನೊಳಗೆ ಅನಿಲ ಸೇರಿರಬಹುದು. ಹೀಲಿಯಂ ಗಾಜಿನ ಮೂಲಕವೂ ಒಳಗೆ ಹೋಗುತ್ತದೆ. ದ್ರವ ಹೀಲಿಯಂ ಬಳಸುವ ಲ್ಯಾಬ್ ಪಕ್ಕದಲ್ಲೇ ಪಿಎಂಟಿ ಇಡುವವರು ಇದನ್ನು ಮರೆಯಬಾರದು. ಅಂಥ ಟ್ಯೂಬನ್ನು ಸರಿ ಮಾಡಲು ಆಗುವುದಿಲ್ಲ.

ಲಕ್ಷಣ: ಒಂದೊಂದೂ ಎಣಿಸುತ್ತವೆ, ಕೋಇನ್ಸಿಡೆನ್ಸ್ ಮಾತ್ರ ಸೊನ್ನೆ

ಮೊದಲು ಕೋಇನ್ಸಿಡೆನ್ಸ್ ಯೂನಿಟ್‌ನ ಸ್ವಿಚ್‌ಗಳು. ಎರಡರ ಬದಲು ಮೂರು ಇನ್‌ಪುಟ್ ಕೇಳುತ್ತಿರಬಹುದು, ವೀಟೋ (ಎಣಿಕೆ ತಡೆಯುವ ಇನ್‌ಪುಟ್) ಆನ್ ಇರಬಹುದು. ಅದು ಸರಿ ಇದ್ದರೆ ಎರಡೂ ಡಿಸ್ಕ್ರಿಮಿನೇಟರ್‌ಗಳ ಔಟ್‌ಪುಟ್‌ಗಳನ್ನು ಸ್ಕೋಪ್‌ನಲ್ಲಿ ಒಟ್ಟಿಗೆ ನೋಡಿ. ಪಲ್ಸ್ ಅಗಲ 50 ನ್ಯಾನೋಸೆಕೆಂಡ್ ಇದ್ದು, ಒಂದು ಕಡೆಯ ಕೇಬಲ್ 20 ಮೀಟರ್ ಜಾಸ್ತಿ ಇದ್ದರೆ ಆ ಸಿಗ್ನಲ್ 100 ನ್ಯಾನೋಸೆಕೆಂಡ್ ತಡ. ಎರಡೂ ಭೇಟಿಯೇ ಆಗುವುದಿಲ್ಲ. ಮ್ಯೂಆನ್‌ಗೆ ಮೇಲಿನ ಪ್ಯಾಡಲ್‌ನಿಂದ ಕೆಳಗಿನದಕ್ಕೆ ಬರಲು ಬೇಕಾದದ್ದು ಒಂದೆರಡು ನ್ಯಾನೋಸೆಕೆಂಡ್, ಅದನ್ನು ಇಲ್ಲಿ ಮರೆತರೂ ನಡೆಯುತ್ತದೆ. ಬೇಗ ಬರುವ ಕಡೆಗೆ ಕೇಬಲ್ ಸೇರಿಸಿ ಸರಿದೂಗಿಸಿ.

ಲಕ್ಷಣ: ಕೋಇನ್ಸಿಡೆನ್ಸ್ ಲೆಕ್ಕಕ್ಕಿಂತ ಜಾಸ್ತಿ

ಒಂದು ಪ್ಯಾಡಲನ್ನು ರೂಮಿನ ಇನ್ನೊಂದು ಮೂಲೆಗೆ ಒಯ್ಯಿರಿ, ಕೇಬಲ್‌ಗಳನ್ನು ಬದಲಿಸಬೇಡಿ. ನಿಜವಾದ ಮ್ಯೂಆನ್ ಕೋಇನ್ಸಿಡೆನ್ಸ್ ಬಹುತೇಕ ಮಾಯವಾಗಬೇಕು. ಉಳಿಯುವುದು ಆಕಸ್ಮಿಕವಾಗಿ ಕೂಡಿದವು. ಅದಕ್ಕೂ ಲೆಕ್ಕವಿದೆ: ಪಲ್ಸ್ ಅಗಲದ ಎರಡರಷ್ಟನ್ನು ಎರಡೂ ಕೌಂಟ್ ರೇಟ್‌ಗಳಿಂದ ಗುಣಿಸಿ. ಎರಡೂ ಸೆಕೆಂಡಿಗೆ 500 ಇದ್ದು ಅಗಲ 50 ನ್ಯಾನೋಸೆಕೆಂಡ್ ಆದರೆ ಸೆಕೆಂಡಿಗೆ 0.025, ನಿಮಿಷಕ್ಕೆ ಒಂದೂವರೆ. ಅದೇ ರೇಟ್‌ಗಳು 10,000 ಆದರೆ ಸೆಕೆಂಡಿಗೆ 10. ನಿಜವಾದ ಸಂಖ್ಯೆಯಷ್ಟೇ ಸುಳ್ಳು ಸಂಖ್ಯೆ! ಬೆಳಕು ಸೋರುವುದನ್ನು ಅಷ್ಟು ಹಿಡಿದು ಹೇಳಿದ್ದು ಇದಕ್ಕೇ.

ದೂರ ಒಯ್ದರೂ ಕೌಂಟ್ ಅಲುಗದೆ, ಲೆಕ್ಕಕ್ಕೂ ಸಿಗದೆ ಇದ್ದರೆ ಎರಡೂ ಒಂದೇ ಗದ್ದಲವನ್ನು ಎತ್ತಿಕೊಳ್ಳುತ್ತಿವೆ. ಯುಪಿಎಸ್, ಪಂಪ್, ಎ.ಸಿ. ಒಂದೊಂದೇ ಆರಿಸಿ ನೋಡಿ. ಎಲ್ಲ ಉಪಕರಣಗಳ ಪ್ಲಗ್ ಒಂದೇ ಬೋರ್ಡಿಗೆ ತನ್ನಿ. ಅರ್ಥ್ ಪಿನ್ ಮುರಿದು ಗ್ರೌಂಡ್ ಲೂಪ್ ತಪ್ಪಿಸುವ ಹಳೇ ಕಸರತ್ತು ಮಾತ್ರ ಬೇಡ, ಅದು ಜೀವಕ್ಕೆ ಅಪಾಯ.

ಲಕ್ಷಣ: ಪಲ್ಸ್ ಸಣ್ಣ, ಪ್ಯಾಡಲ್ ಅರ್ಧದಷ್ಟು ಮ್ಯೂಆನ್ ಬಿಡುತ್ತಿದೆ

ಮೂರು ಪ್ಯಾಡಲ್ ಇದ್ದರೆ ಇದನ್ನು ನೇರವಾಗಿ ಅಳೆಯಬಹುದು. ಸಂಶಯದ್ದನ್ನು ನಡುವೆ ಇಡಿ. ಮೇಲಿನದೂ ಕೆಳಗಿನದೂ ಒಟ್ಟಿಗೆ ಹೊಡೆದ ಸಲಗಳಲ್ಲಿ ಎಷ್ಟು ಸಲ ನಡುವಿನದೂ ಹೊಡೆಯಿತು? ಒಳ್ಳೆಯ ಪ್ಯಾಡಲ್‌ನಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ. ವೋಲ್ಟೇಜನ್ನು 50 ವೋಲ್ಟಿನಂತೆ ಏರಿಸುತ್ತಾ ಈ ಪ್ರಮಾಣದ ಗ್ರಾಫ್ ಹಾಕಿ. ಏರಿ ಏರಿ ಒಂದು ಕಡೆ ಸಮತಟ್ಟಾಗುತ್ತದೆ, ಅಲ್ಲೇ ನಿಲ್ಲಬೇಕು. ನಾಬ್ ತಿರುಗಿಸಲು ಸರಿಯಾದ ಸಮಯ ಇದು, ಅದೂ ಡೇಟಾಶೀಟ್‌ನ ಗರಿಷ್ಠ ಮಿತಿಯೊಳಗೆ. ಹತ್ತು ಡೈನೋಡ್‌ನ ಟ್ಯೂಬ್‌ನಲ್ಲಿ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಅನ್ನುವುದು) ವೋಲ್ಟೇಜಿನ ಸುಮಾರು ಏಳನೇ ಘಾತದಂತೆ ಏರುತ್ತದೆ. 1000ದಿಂದ 1100ಕ್ಕೆ ಹೋದರೆ ಪಲ್ಸ್ ಹತ್ತಿರ ಹತ್ತಿರ ಎರಡರಷ್ಟು.

ಸಮತಟ್ಟು ಸಿಗದಿದ್ದರೆ ಬೆಳಕೇ ಟ್ಯೂಬ್ ತಲುಪುತ್ತಿಲ್ಲ. ಆಫ್ ಮಾಡಿ, ಕಾದು, ಬಿಚ್ಚಿ. ಆಪ್ಟಿಕಲ್ ಗ್ರೀಸ್‌ನಲ್ಲಿ ಗುಳ್ಳೆ ಇದೆಯಾ, ಒಣಗಿದೆಯಾ, ಪಿಎಂಟಿ ಜಾರಿ ಗಾಳಿ ಸೇರಿದೆಯಾ ನೋಡಿ. ಹಲಗೆಯ ಮೈಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕು ಕಂಡರೆ ಅದು ಬೆರಳಿನ ಎಣ್ಣೆ ಅಥವಾ ಯಾರೋ ಅಸಿಟೋನ್‌ನಲ್ಲಿ ಒರೆಸಿದ್ದರ ಫಲ. ಅಸಿಟೋನ್ ಈ ಪ್ಲಾಸ್ಟಿಕ್ಕಿಗೆ ವಿಷ. ಮೆದು ಸೋಪಿನ ನೀರು, ಮೆತ್ತನೆ ಬಟ್ಟೆ, ಕೈಗೆ ಗ್ಲೌಸ್ ಸಾಕು. ಹತ್ತಿರದಲ್ಲಿ ದೊಡ್ಡ ಮ್ಯಾಗ್ನೆಟ್ ಇದ್ದರೆ ಅದೂ ಪಿಎಂಟಿಯೊಳಗಿನ ಎಲೆಕ್ಟ್ರಾನ್‌ಗಳ ದಾರಿ ತಪ್ಪಿಸುತ್ತದೆ. ಟ್ಯೂಬನ್ನು ತಿರುಗಿಸಿದಾಗ ಪಲ್ಸ್ ಎತ್ತರ ಬದಲಾದರೆ ಮ್ಯೂ-ಮೆಟಲ್ (ಕಾಂತಕ್ಷೇತ್ರ ತಡೆಯುವ ಮಿಶ್ರಲೋಹ) ಕವಚ ಹಾಕಿ.

ಲಕ್ಷಣ: ಬೆಳಿಗ್ಗೆ ಒಂದು ಸಂಖ್ಯೆ, ಸಂಜೆ ಇನ್ನೊಂದು

ಮೊದಲು ಕೇಳಿ, ಇದು ದೋಷವೇ? ನಿಮಿಷಕ್ಕೆ 780 ಎಣಿಸಿದರೆ ಅದರ ಸಹಜ ಏರಿಳಿತ ವರ್ಗಮೂಲದಷ್ಟು, ಅಂದರೆ 28. 760 ಬಂದರೂ 800 ಬಂದರೂ ಒಂದೇ. ನೂರಕ್ಕೆ ಒಂದರಷ್ಟು ನಿಖರತೆ ಬೇಕಾದರೆ ಹತ್ತು ಸಾವಿರ ಎಣಿಸುವ ತನಕ ಕಾಯಬೇಕು.

ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಉಷ್ಣಾಂಶ, ವೋಲ್ಟೇಜ್, ಗಾಳಿಯ ಒತ್ತಡ ಮೂರನ್ನೂ ಕೌಂಟ್ ಪಕ್ಕದಲ್ಲೇ ಬರೆದಿಡಿ. ಗಾಳಿಯ ಒತ್ತಡ ಏರಿದಾಗ ಮ್ಯೂಆನ್ ನಿಜಕ್ಕೂ ಕಡಿಮೆಯಾಗುತ್ತವೆ. ನಮ್ಮ ಕಡೆ ಒತ್ತಡ ದಿನಕ್ಕೆ ಎರಡು ಸಲ, ಬೆಳಿಗ್ಗೆ ಹಾಗೂ ರಾತ್ರಿ ಹತ್ತರ ಸುಮಾರಿಗೆ ಏರುತ್ತದೆ. ಆದರೆ ಅದರ ಪರಿಣಾಮ ನೂರಕ್ಕೆ ಒಂದರ ಒಳಗೆ. ಹತ್ತು ಪರ್ಸೆಂಟ್ ಬದಲಾವಣೆಗೆ ಗಾಳಿಯನ್ನು ದೂರಬೇಡಿ, ಹೈ ವೋಲ್ಟೇಜ್ ಸಪ್ಲೈ ಅಲುಗಾಡುತ್ತಿದೆಯಾ ನೋಡಿ.

ಲಕ್ಷಣ: ಹೈ ವೋಲ್ಟೇಜ್ ಟ್ರಿಪ್ ಆಗುತ್ತದೆ, ಚಟಪಟ ಸದ್ದು, ವಾಸನೆ

ಇಲ್ಲಿ ಪರೀಕ್ಷೆ ಇಲ್ಲ. ಆಫ್ ಮಾಡಿ, ಕೈ ತೆಗೆಯಿರಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವದಿಂದ ಬೇಸ್ ಮೇಲೆ ಕರೆಂಟ್ ಹರಿದು ಟ್ರಿಪ್ ಆಗುವುದುಂಟು. ಬೇಸನ್ನು ಬಿಚ್ಚಿ, ಧೂಳು ಒರೆಸಿ, ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟು ಮತ್ತೆ ನಿಧಾನವಾಗಿ ಏರಿಸಿ. ಮತ್ತೆ ಟ್ರಿಪ್ ಆದರೆ, ಇಲ್ಲವೇ ಸುಟ್ಟ ವಾಸನೆ ಬಂದರೆ, ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪ್‌ಗೆ ಕೊಡಿ. ಸಪ್ಲೈ ಪೆಟ್ಟಿಗೆಯನ್ನು ನೀವು ತೆರೆಯಬೇಡಿ.

ವಿಕಿರಣ ಸೋರ್ಸ್ ಇಟ್ಟು ಪರೀಕ್ಷೆ ಮಾಡುವವರಿಗೂ ಇದೇ ನಿಯಮ. ಸೀಸಿಯಂ-137 ಬಿಲ್ಲೆ ಬಿರುಕು ಬಿಟ್ಟಂತೆ ಕಂಡರೆ ಮುಟ್ಟಬೇಡಿ, ಒರೆಸಬೇಡಿ. ಹತ್ತಿರ ಯಾರನ್ನೂ ಬಿಡದೆ ವಿಕಿರಣ ಸುರಕ್ಷತಾ ಅಧಿಕಾರಿಗೆ ಹೇಳಿ. ಪಿಎಂಟಿ ಗಾಜು ಒಡೆದರೆ ಚೂರು ಸಿಡಿಯುತ್ತದೆ, ಒಳಗೆ ನಿರ್ವಾತ ಇರುವುದರಿಂದ. ಟ್ಯೂಬ್ ಹಿಡಿಯುವಾಗ ಕನ್ನಡಕ ಹಾಕಿ.

ಸಹಾಯ ಕೇಳುವಾಗ

ಸೀನಿಯರ್‌ಗಾಗಲಿ ಮೇಷ್ಟ್ರಿಗಾಗಲಿ "ಸರ್, ವರ್ಕ್ ಆಗ್ತಿಲ್ಲ" ಅಂದರೆ ಅವರೂ ಮೊದಲಿನಿಂದ ಶುರು ಮಾಡಬೇಕು. ವೋಲ್ಟೇಜ್ ಎಷ್ಟು, ಕರೆಂಟ್ ಎಷ್ಟು, ಥ್ರೆಶೋಲ್ಡ್ ಎಷ್ಟು, ಕೌಂಟ್ ಎಷ್ಟು ಬರುತ್ತಿದೆ, ಲೆಕ್ಕದ ಪ್ರಕಾರ ಎಷ್ಟು ಬರಬೇಕಿತ್ತು, ಕಪ್ಪು ಬಟ್ಟೆ ಹೊದಿಸಿದಾಗ ಏನಾಯಿತು ಇಷ್ಟನ್ನು ಬರೆದುಕೊಂಡು ಹೋಗಿ. ಜೊತೆಗೆ ಫೋನಿನಲ್ಲಿ ಸ್ಕೋಪ್ ಪರದೆಯ ಒಂದು ಫೋಟೋ ಇರಲಿ, ಸ್ಕೇಲ್ ಕಾಣುವ ಹಾಗೆ.